ಅರ್ಧಪ್ಪ ಕಟ್ಟಿಸಿದ ಪೂರ್ತಿ ಮನೆ

ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ದೊಡ್ಡಾಸ್ಪತ್ರೆಯ ಉಗ್ರಾಣದಲ್ಲಿ ಇಪ್ಪತ್ತೊಂಬತ್ತು ವರ್ಷ ಕೂತ ಮೇಲೆ ಆ ಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿಯಿತು. ಮಿಕ್ಕ ಕಡೆಯೆಲ್ಲ ಅವನು ಅರ್ಧಪ್ಪ. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ, ಬೆನ್ನ ಹಿಂದೆ ಬೇರೇನೂ ಕರೆಯುತ್ತಿರಲಿಲ್ಲ.

ವಾರ್ಡಿನ ನರ್ಸಮ್ಮ ಇಪ್ಪತ್ತು ಹೊದಿಕೆ ಬೇಕೆಂದು ಚೀಟಿ ಕಳಿಸಿದರೆ ಅವನು ಕಿವಿಗೆ ಸಿಕ್ಕಿಸಿದ ಕೆಂಪು ಪೆನ್ಸಿಲ್ ತೆಗೆದು ಇಪ್ಪತ್ತನ್ನು ಹೊಡೆದುಹಾಕಿ ಹತ್ತು ಎಂದು ಬರೆಯುತ್ತಿದ್ದ. ಜನ ದುಪ್ಪಟ್ಟು ಕೇಳುತ್ತಾರೆ, ಅದು ಮನುಷ್ಯನ ಹುಟ್ಟುಗುಣ ಎನ್ನುವುದು ಅವನ ಸಿದ್ಧಾಂತ. ಮೊದಮೊದಲು ಪಾಪ, ಎಲ್ಲರೂ ಬೇಕಾದಷ್ಟೇ ಕೇಳುತ್ತಿದ್ದರು. ಅರ್ಧ ಸಿಗತೊಡಗಿದ ಮೇಲೆ ದುಪ್ಪಟ್ಟು ಕೇಳುವುದನ್ನು ಕಲಿತರು. ಆಗ ಅರ್ಧಪ್ಪ, "ನೋಡಿದ್ರಾ, ನಾನು ಹೇಳಿರಲಿಲ್ವಾ" ಎಂದು ಎದೆಯುಬ್ಬಿಸಿದ. ನೀನು ಚಾಪೆ ಕೆಳಗೆ ನುಗ್ಗಿದರೆ ನಾನು ರಂಗೋಲಿ ಕೆಳಗೆ ನುಗ್ಗುತ್ತೇನೆ ಎನ್ನುವ ಈ ಆಟದಲ್ಲಿ ಕಡೆಗೆ ಎಲ್ಲರಿಗೂ ಸರಿಯಾಗಿ ಬೇಕಾದಷ್ಟೇ ಸಿಗುತ್ತಿತ್ತು. ರೋಗಿಗಳು ಚಳಿಯಲ್ಲಿ ನಡುಗಲಿಲ್ಲ, ಅರ್ಧಪ್ಪನೂ ಆಸ್ಪತ್ರೆಯ ಸೊತ್ತು ಕಾಪಾಡಿದ ಹೆಮ್ಮೆಯಲ್ಲಿ ದಿನಾ ಮನೆಗೆ ಹೋಗುತ್ತಿದ್ದ.

ಮನೆಯಲ್ಲೂ ಅದೇ ಲೆಕ್ಕ. ಅವನ ಅಮ್ಮನಿಗೆ ಎಂಬತ್ತು ದಾಟಿತ್ತು, ಆದರೂ ಹತ್ತೂರಿನ ನೀರು ಕುಡಿದ ಹೆಂಗಸು. ಒಂದು ಶಾಲು ಬೇಕಾದರೆ ಎರಡು ಕೇಳುತ್ತಿದ್ದಳು. ಕಾಲೇಜಿಗೆ ಹೋಗುವ ಮಗಳು ಅಜ್ಜಿಯ ಶಿಷ್ಯೆ. ಅವನ ಹೆಂಡತಿಯೊಬ್ಬಳೇ ಈ ಆಟಕ್ಕೆ ಬರುತ್ತಿರಲಿಲ್ಲ. ಅವಳು ಕೇಳುತ್ತಿದ್ದುದೇ ಅಪರೂಪ, ಕೇಳಿದರೂ ಇಷ್ಟಿಷ್ಟೇ. ಅವನು ಅದನ್ನೂ ಅರ್ಧ ಮಾಡುತ್ತಿದ್ದ. ಅವಳು "ಸರಿ" ಎಂದು ಒಳಗೆ ಹೋಗುತ್ತಿದ್ದಳು.

ಒಳಗೆ ಎಂದರೆ ಆಸ್ಪತ್ರೆ ಕೊಟ್ಟ ಕ್ವಾರ್ಟರ್ಸಿನ ಅಡುಗೆಮನೆಗೆ. ಅದಕ್ಕೆ ಕಿಟಕಿಯೇ ಇರಲಿಲ್ಲ. ಸೂರಿನ ಹತ್ತಿರ ಅಂಗೈಯಗಲದ ಒಂದು ಗವಾಕ್ಷಿ, ಅದೂ ಪಕ್ಕದ ಮನೆಯ ಮೆಟ್ಟಿಲಿನ ಅಡಿಗೆ ತೆರೆಯುತ್ತಿತ್ತು. ಒಲೆಯ ಮುಂದೆ ಅರ್ಧ ಗಂಟೆ ನಿಂತರೆ ಅವಳಿಗೆ ಉಸಿರು ಕಟ್ಟುತ್ತಿತ್ತು. ಬಾಗಿಲಿಗೆ ಬಂದು, ಚೌಕಟ್ಟಿಗೆ ಒರಗಿ, ನಾಲ್ಕು ಸಲ ಉದ್ದಕ್ಕೆ ಉಸಿರೆಳೆದುಕೊಂಡು ಮತ್ತೆ ಒಳಗೆ ಹೋಗುತ್ತಿದ್ದಳು. ಮನೆಯವರು ಇದನ್ನು ಎಷ್ಟು ಸಲ ನೋಡಿದ್ದರೆಂದರೆ, ನೋಡುವುದನ್ನೇ ಬಿಟ್ಟಿದ್ದರು.

ಮುಂದಿನ ವರ್ಷ ನಿವೃತ್ತಿ, ಕ್ವಾರ್ಟರ್ಸ್ ಖಾಲಿ ಮಾಡಬೇಕು. ಎಂದೋ ಕೊಂಡಿದ್ದ ನಿವೇಶನವೊಂದಿತ್ತು, ಕೂಡಿಟ್ಟ ಮೂವತ್ತೊಂದು ಲಕ್ಷವಿತ್ತು. ಅರ್ಧಪ್ಪ ಪರಿಸರಸ್ನೇಹಿ ಹಸಿರು ಮನೆ ಕಟ್ಟಿಸುತ್ತೇನೆ ಎಂದಾಗ ಸಹೋದ್ಯೋಗಿಗಳು ಮೂಗಿನ ಮೇಲೆ ಬೆರಳಿಟ್ಟರು. ಇವನಿಗೆ ಯಾವಾಗಿನಿಂದ ಭೂಮಿಯ ಚಿಂತೆ ಹತ್ತಿತು? ಭೂಮಿಯ ಚಿಂತೆ ಎಲ್ಲಿಂದ ಬರಬೇಕು. ಗೋಡೆಗೆ ಗಾರೆಯಿಲ್ಲ, ಬಣ್ಣವಿಲ್ಲ, ಪಾಯ ತೋಡಿದ ಮಣ್ಣಿನಲ್ಲೇ ಇಟ್ಟಿಗೆ, ಕೆಡವಿದ ಕಟ್ಟಡಗಳ ಹಳೇ ಬಾಗಿಲು. ಬಿಸಿಲು ಬಿಟ್ಟಿ, ಗಾಳಿ ಬಿಟ್ಟಿ, ಮಳೆ ಬಿಟ್ಟಿ. ಚೀಟಿ ಬರೆಯದೆ ಬರುವ ಸಾಮಾನು ಇಷ್ಟೊಂದಿದೆ ಎಂದು ತಿಳಿದು ಅವನು ಆ ದಿನವೇ ಹಸಿರಾಗಿದ್ದ.

ಅಂಥ ಮನೆ ಕಟ್ಟುವ ಇಂಜಿನಿಯರಮ್ಮ ಒಬ್ಬಳು ಸಿಕ್ಕಳು. ಮಾತು ಕಡಿಮೆ, ನಗು ಇನ್ನೂ ಕಡಿಮೆ. ಮೊದಲ ದಿನವೇ ನಾಲ್ಕು ಜನಕ್ಕೂ ಒಂದೊಂದು ಹಾಳೆ ಕೊಟ್ಟು ಹೇಳಿದಳು: "ನಿಮಗೆ ಈ ಮನೇಲಿ ಏನೇನು ಬೇಕು, ನೀವೇ ಬರೀರಿ. ಮೈ ಅಳತೆಗೆ ಬಟ್ಟೆ ಹೊಲಿದ ಹಾಗೆ ನಿಮ್ಮ ಅಳತೆಗೆ ಮನೆ ಮಾಡೋಣ."

ಹಾಳೆಗಳು ಅವಳ ಕೈಗೆ ಸೇರುವ ಮೊದಲು ಅರ್ಧಪ್ಪನ ಕೈ ದಾಟಿಯೇ ಹೋದವು, ಬಿಟ್ಟಾನೆಯೇ. ಅಮ್ಮ ಬರೆದಿದ್ದು: ಎರಡು ಕೋಣೆ, ಎರಡು ತೂಗುಯ್ಯಾಲೆ, ಒಂದು ದನದ ಕೊಟ್ಟಿಗೆ. ದನವೇ ಇಲ್ಲವಲ್ಲಮ್ಮ ಎಂದರೆ, "ಇರಲಿ ಬಿಡೋ, ಕೊಟ್ಟಿಗೆ ನಿನ್ನ ಪೆನ್ಸಿಲ್ಲಿಗೆ" ಎಂದಳು. ಮಗಳು ಎರಡು ಬಾಲ್ಕನಿ ಮತ್ತು ಒಂದು ಈಜುಕೊಳ ಬರೆದಿದ್ದಳು. ಈಜುಕೊಳದಲ್ಲಿ ಅರ್ಧ ಎಂದರೆ ಎಷ್ಟೆಂದು ಅಪ್ಪ ತಲೆ ಕೆರೆದುಕೊಳ್ಳುವುದನ್ನು ನೋಡಬೇಕೆಂಬ ಒಂದೇ ಆಸೆಯಿಂದ. ಅವನು ಕೆರೆದುಕೊಂಡ, ಆದರೆ ಬಿಡಲಿಲ್ಲ. ಎಲ್ಲವನ್ನೂ ಅರ್ಧ ಮಾಡಿದ.

ಹೆಂಡತಿಯ ಹಾಳೆಯಲ್ಲಿ ಒಂದೇ ಸಾಲಿತ್ತು. ಅಡುಗೆಮನೆಗೆ ಎರಡು ಕಿಟಕಿ. ಅವನು ಅದನ್ನು ಓದಿದನೋ ಇಲ್ಲವೋ ದೇವರಿಗೇ ಗೊತ್ತು. ಕೈ ತನ್ನಷ್ಟಕ್ಕೆ ತಾನೇ ಎರಡನ್ನು ಹೊಡೆದು ಒಂದು ಎಂದು ಬರೆಯಿತು.

ನಾಲ್ಕನೆಯ ಹಾಳೆ ಅವನದೇ. ಮೂಲೆಯಲ್ಲಿ ಹನ್ನೆರಡಕ್ಕೆ ಹನ್ನೆರಡು ಅಡಿಯ ಸ್ಟೋರ್ ರೂಮ್, ಸುತ್ತ ಕಬ್ಬಿಣದ ಕಪಾಟು, ಕಬ್ಬಿಣದ ಬಾಗಿಲು, ನಡುವೆ ಮೇಜು ಕುರ್ಚಿ. ನಿವೃತ್ತಿಯಾದ ಮೇಲೂ ಕೂರಲು ಒಂದು ಉಗ್ರಾಣ ಬೇಡವೇ? ಆ ಒಂದು ಹಾಳೆಗೆ ಮಾತ್ರ ಕೆಂಪು ಪೆನ್ಸಿಲ್ ತಾಗಲಿಲ್ಲ.

ವಾರ ಕಳೆದ ಮೇಲೆ ಇಂಜಿನಿಯರಮ್ಮ ಅಂದಾಜು ಪಟ್ಟಿ ತಂದಳು. ಮೂವತ್ತು ಲಕ್ಷ. ಅರ್ಧಪ್ಪ ಓದುವ ಗೋಜಿಗೇ ಹೋಗದೆ ಕೆಳಗೆ ಹದಿನೈದು ಎಂದು ಬರೆದು ಹಿಂದಕ್ಕೆ ಕೊಟ್ಟ. ಅವಳು ಚೌಕಾಸಿ ಮಾಡುತ್ತಾಳೆ, ಇಪ್ಪತ್ತಕ್ಕೆ ಇಳಿಯುತ್ತಾಳೆ ಎಂದು ಕಾದ. ಅವಳು "ಆಯ್ತು ಸರ್" ಎಂದು ಎದ್ದು ಹೋದಳು. ಅವನಿಗೆ ಜೀವಮಾನದಲ್ಲಿ ಅಷ್ಟು ಸಲೀಸಾಗಿ ಯಾರೂ ಸೋತಿರಲಿಲ್ಲ.

ಮೂರನೆಯ ದಿನ ಹೊಸ ನಕ್ಷೆ ಬಂತು. ಹಜಾರದ ನಟ್ಟನಡುವೆ ಒಂದು ಗೆರೆ, ಅದರಾಚೆ ಏನೂ ಇಲ್ಲ. ಅಮ್ಮನ ಮಂಚದ ತಲೆದಿಂಬು ಮನೆಯೊಳಗೆ, ಕಾಲು ಬಯಲಲ್ಲಿ. ಮೆಟ್ಟಿಲು ಏಳರವರೆಗೆ ಹತ್ತಿ ನಿಂತಿತ್ತು.

"ಇದೇನು ಮೇಡಂ, ಏಳನೇ ಮೆಟ್ಟಿಲಾದ ಮೇಲೆ ಏನಿದೆ?"

"ಆಕಾಶ."

"ಅಂದ್ರೆ?"

"ಹದಿನೈದು ಲಕ್ಷಕ್ಕೆ ಇಷ್ಟೇ ಬರೋದು ಸರ್. ನಾನು ಮೂವತ್ತು ಅಂದ್ರೆ ಮೂವತ್ತೇ. ಹೆಚ್ಚು ಹೇಳಿ ಕಮ್ಮಿ ಮಾಡೋ ಅಭ್ಯಾಸ ನನಗಿಲ್ಲ."

ಅರ್ಧಪ್ಪನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ದೊಡ್ಡವರು ಸುಮ್ಮನೆ ಹೇಳಿದ್ದಾರಾ ಎಂದು ಅಮ್ಮ ನಕ್ಷೆಯ ಮೇಲೆ ಬೆರಳಿಟ್ಟು, "ನೋಡೋ, ನನ್ನ ಕಾಲಂತೂ ಆಗಲೇ ಆಚೆ ಹೋಗಿದೆ" ಎಂದಳು. ಅವನು ಮೂವತ್ತಕ್ಕೆ ಒಪ್ಪಿದ. ಲೋಕದಲ್ಲಿ ದುಪ್ಪಟ್ಟು ಕೇಳದ ಪ್ರಾಣಿಯೂ ಒಂದಿದೆ ಎಂದು ಅವನಿಗೆ ಅಂದೇ ಗೊತ್ತಾಗಿದ್ದು. ಆದರೆ ಒಂದೇ ಇದೆ ಅಂದುಕೊಂಡ.

ಪಾಯ ತೋಡುವ ಮೊದಲು ನಿವೇಶನದಲ್ಲಿ ಸುಣ್ಣದ ಪುಡಿಯಿಂದ ಗೋಡೆಗಳ ಗುರುತು ಹಾಕಿದರು. ಮನೆ ಕಣ್ಣಿಗೆ ಕಾಣದಿದ್ದರೂ ಮನೆಯವರು ಒಳಗೆ ಬಂದು ಸೇರಿದರು. ಅಮ್ಮ ಪ್ಲಾಸ್ಟಿಕ್ ಕುರ್ಚಿ ತರಿಸಿಕೊಂಡು ತನ್ನ ಕೋಣೆಯ ಮಧ್ಯೆ ಕೂತಳು. ಮೇಸ್ತ್ರಿ ಅಡ್ಡದಾರಿಯಲ್ಲಿ ಗೆರೆ ದಾಟಿ ಬಂದಾಗ, "ಗೋಡೆ ತೂರಿಕೊಂಡು ಬರ್ತೀಯಲ್ಲಪ್ಪ, ಬಾಗಿಲು ಆ ಕಡೆ ಇದೆ" ಎಂದು ಗದರಿದಳು. ಅವನು ಹಿಂದೆ ಹೋಗಿ ಬಾಗಿಲಿನಿಂದಲೇ ಬಂದ. ಮಗಳ ಈಜುಕೊಳ ನಕ್ಷೆಯಲ್ಲಿ ಅಂಗಳದಡಿಯ ಮಳೆನೀರಿನ ತೊಟ್ಟಿಯಾಗಿತ್ತು. "ಈಜುಕೊಳಕ್ಕೆ ಮುಚ್ಚಳ ಹಾಕಿಬಿಟ್ರಲ್ಲಪ್ಪ" ಎಂದು ಅವಳು ಅದರ ಗುರುತಿನ ಮೇಲೆ ನಿಂತು ಗೊಣಗಿದಳು.

ಹೆಂಡತಿ ಅಡುಗೆಮನೆಯ ಗೆರೆಯೊಳಗೆ ಹೋಗಿ ನಿಂತಳು. ಒಲೆಯಿರುವ ಕಡೆ ಮುಖ ಮಾಡಿದಳು. ಮುಂದುಗಡೆ ಒಂದು ಕಿಟಕಿಯ ಗುರುತಿತ್ತು. ತಿರುಗಿ ಹಿಂದೆ ನೋಡಿದಳು, ಅಲ್ಲಿ ಬರೀ ಗೆರೆ, ಆ ಗೆರೆಯಾಚೆ ಗಂಡನ ಸ್ಟೋರ್ ರೂಮ್. ಇಲ್ಲದ ಚೌಕಟ್ಟಿಗೆ ಒರಗುವವಳ ಹಾಗೆ ಬಾಗಿಲ ಗುರುತಿನ ಹತ್ತಿರ ಬಂದು ನಿಂತುಬಿಟ್ಟಳು.

ಅದನ್ನು ನೋಡಿದ್ದು ಇಂಜಿನಿಯರಮ್ಮ. ಅರ್ಧಪ್ಪನನ್ನು ಕರೆದಳು. "ಸರ್, ನಾಳೆಯಿಂದ ಪಾಯ ತೋಡಿ ಆ ಮಣ್ಣಲ್ಲೇ ಇಟ್ಟಿಗೆ ಮಾಡ್ತಾರೆ. ಇಟ್ಟಿಗೆ ಎಣಿಸಿಯೇ ಮಾಡೋದು, ಆಮೇಲೆ ಗೋಡೆ ಬದಲಾಯ್ಸೋಕೆ ಆಗಲ್ಲ. ಈ ಅಡುಗೆಮನೆ ಒಂದು ಸಲ ನೋಡಿಬಿಡಿ."

ಕೆಲಸದ ಸಾಮಾನು ಬಂದಿದ್ದ ರಟ್ಟಿನ ಪೆಟ್ಟಿಗೆಯೊಂದನ್ನು ಎತ್ತಿ, ಬಾಯಿ ಮುಚ್ಚಿ, ಪಕ್ಕದಲ್ಲಿ ಒಂದು ತೂತು ಮಾಡಿದಳು. ದಿನಾ ಸಿಗರೇಟು ಬಿಡು ಎಂದು ತನ್ನಿಂದಲೇ ಬೈಸಿಕೊಳ್ಳುತ್ತಿದ್ದ ಮೇಸ್ತ್ರಿಗೆ, "ಇವತ್ತೊಂದಿನ ಸೇದಿ ಇದರೊಳಗೆ ಬಿಡಪ್ಪ" ಎಂದಳು. ಮೇಸ್ತ್ರಿ ಸರ್ಕಾರಿ ಕೆಲಸ ಸಿಕ್ಕವನ ಗತ್ತಿನಲ್ಲಿ ಸೇದಿ ಬಿಟ್ಟ. ಹೊಗೆ ಪೆಟ್ಟಿಗೆಯೊಳಗೇ ಸುತ್ತುತ್ತ ಕೂತಿತು. ಎದುರು ಬದಿಗೆ ಇನ್ನೊಂದು ತೂತು ಹೊಡೆದಳು. ಗಾಳಿ ಈ ಕಡೆಯಿಂದ ನುಗ್ಗಿ, ಆ ಕಡೆಯಿಂದ ಹೊಗೆಯನ್ನೆಲ್ಲ ಎಳೆದುಕೊಂಡು ಹೋಯಿತು.

"ಹೊದಿಕೆ ಅರ್ಧ ಮಾಡಬಹುದು ಸರ್. ಎರಡು ಕಿಟಕೀಲಿ ಒಂದು ತೆಗೆದ್ರೆ ಅರ್ಧ ಗಾಳಿ ಬರಲ್ಲ, ಗಾಳಿಯೇ ಬರಲ್ಲ."

ಅರ್ಧಪ್ಪ ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿದ. ಮೋಸವೇನೂ ಕಾಣಲಿಲ್ಲ. ಆಮೇಲೆ ದಾನಶೂರನ ಹಾಗೆ ಕೈಯೆತ್ತಿ, "ಆಯ್ತು, ಎರಡೂ ಹಾಕಿಬಿಡಿ" ಎಂದ. ಹೆಂಡತಿಯ ಕಡೆ ತಿರುಗಿ, "ನೋಡೇ, ನೀನು ಕೇಳಿದಷ್ಟೂ ಕೊಟ್ಟೆ" ಎಂದ.

ಕಾಣದ ಕೋಣೆಯಿಂದ ಅಮ್ಮನ ದನಿ ಬಂತು. "ಅಯ್ಯೋ ಪೆದ್ದಾ, ಅವಳು ಕೇಳಿದ್ದೇ ಅರ್ಧ ಕಣೋ."

"ಏನಂದೆ?"

"ನಾವೆಲ್ಲ ನಿನ್ನ ಹತ್ರ ಎರಡರಷ್ಟು ಕೇಳ್ತೀವಿ. ಇವಳು ಈ ಮನೆಗೆ ಬಂದ ಲಾಗಾಯ್ತು ಅರ್ಧ ಕೇಳ್ತಾಳೆ. ಹೇಳಿ ಹೇಳಿ ನನಗೆ ಸಾಕಾಯ್ತು."

"ಸುಮ್ನಿರಿ ಅತ್ತೆ" ಎಂದಳು ಹೆಂಡತಿ. ಆದರೆ ಗಂಡ ಅವಳನ್ನೇ ನೋಡುತ್ತಿದ್ದ. ತಪ್ಪಿಸಿಕೊಳ್ಳಲು ಗೋಡೆಗಳೂ ಇರಲಿಲ್ಲ. ಅವಳು ನೆಲ ನೋಡುತ್ತ ಹೇಳಿದಳು: "ಮದುವೆ ಆದ ಹೊಸದರಲ್ಲಿ ನೀವೇ ಹೇಳಿದ್ರಲ್ಲ, ದುಪ್ಪಟ್ಟು ಕೇಳೋರನ್ನ ಕಂಡ್ರೆ ನಿಮಗಾಗಲ್ಲ ಅಂತ. ನಾನು ಕಮ್ಮಿ ಕೇಳಿದ್ರೆ ಒಂದಲ್ಲ ಒಂದಿನ ನಿಮಗೇ ಗೊತ್ತಾಗುತ್ತೆ, ಇವಳಿಗಾದ್ರೂ ಪೂರ್ತಿ ಕೊಡೋಣ ಅಂತೀರ ಅಂದ್ಕೊಂಡೆ."

"ಆಮೇಲೆ?"

"ಆಮೇಲೆ ರೂಢಿ ಆಗೋಯ್ತು."

ಹತ್ತು ಸಾವಿರ ಬಗೆಯ ಸಾಮಾನನ್ನು ಪುಸ್ತಕ ನೋಡದೆ ಹೇಳುವ ಮನುಷ್ಯನಿಗೆ ಈ ಲೆಕ್ಕ ಮಾಡಲು ಎಷ್ಟು ಹೊತ್ತು ಬೇಕು? ಅರ್ಧ ಕೇಳಿದವಳಿಗೆ ಅದರಲ್ಲಿ ಅರ್ಧ. ಕಾಲು ಭಾಗ. ಇಪ್ಪತ್ತಾರು ವರ್ಷ ಅವಳು ಕಾಲು ಭಾಗದಲ್ಲಿ ಸಂಸಾರ ಮಾಡಿದ್ದಳು. ವಾರ್ಡಿನ ಗುರುತು ಪರಿಚಯವಿಲ್ಲದ ರೋಗಿಗೂ ಬೇಕಾದಷ್ಟು ಸಿಕ್ಕಿತ್ತು, ಇವಳೊಬ್ಬಳಿಗೆ ಸಿಕ್ಕಿರಲಿಲ್ಲ. ಅರ್ಧಪ್ಪನಿಗೆ ನಾಚಿಕೆಯಾಯಿತು. ಪೆನ್ಸಿಲ್ಲಿಗೆಂದು ಕಿವಿಗೆ ಕೈ ಹಾಕಿ, ಅದನ್ನು ತೆಗೆಯದೆ ಸುಮ್ಮನೆ ತುರಿಸಿಕೊಂಡ.

"ಹಾಗಾದ್ರೆ ಸರಿಯಾಗಿ ಹೇಳೇ. ಎಷ್ಟು ಕಿಟಕಿ ಬೇಕು ನಿನಗೆ?"

ಅವಳು ಅವನ ಮುಖ ನೋಡಿದಳು, ಗೆರೆ ನೋಡಿದಳು, ಬಹಳ ಧೈರ್ಯ ಮಾಡಿ ಹೇಳಿದಳು: "ಮೂರು."

ಅರ್ಧಪ್ಪ ಇಂಜಿನಿಯರಮ್ಮನ ಹತ್ತಿರ ಹೋಗಿ, "ಆರು ಬರ್ಕೊಳ್ಳಿ" ಎಂದ.

"ಮೂರು ಅಂದ್ರಲ್ಲ ಸರ್ ಅವರು."

"ಅವಳು ಮೂರು ಅಂದ್ರೆ ಆರು ಅಂತ ಅರ್ಥ ಮೇಡಂ. ನನಗೆ ಈಗ ತಾನೇ ಗೊತ್ತಾಯ್ತು."

"ಆರು ಕಿಟಕಿಗೆ ಅಡುಗೆಮನೇಲಿ ಹೊರಗೋಡೆ ಸಾಲಲ್ಲ. ಮೂಲೆಯಲ್ಲಿ ನಿಮ್ಮ ಸ್ಟೋರ್ ರೂಮ್ ಇದೆ."

"ಅದನ್ನ ಅಡುಗೆಮನೆಗೆ ಸೇರಿಸಿ. ಕಬ್ಬಿಣದ ಕಪಾಟು, ಬಾಗಿಲು ಎಲ್ಲ ಬಿಡಿ, ಆ ದುಡ್ಡಲ್ಲಿ ಕಿಟಕಿ ಬರುತ್ತಲ್ಲ?"

"ಹಳೇ ಕಿಟಕಿ ಆದ್ರೆ ಸರಿಹೋಗುತ್ತೆ. ನಿಮಗೆ ಅರ್ಧ ಜಾಗ ಉಳಿಸಲಾ?"

"ಬೇಡ" ಎಂದ ಅರ್ಧಪ್ಪ. ಮೇಸ್ತ್ರಿ ಹೊಸ ಸುಣ್ಣ ತಂದು, ಬಾಗಿಲ ಗುರುತಿನಿಂದಲೇ ಒಳಗೆ ಬಂದು, ಸ್ಟೋರ್ ರೂಮಿನ ಗೆರೆಯನ್ನು ಕಾಲಿನಿಂದ ಅಳಿಸಿದ.

ಮನೆ ಎದ್ದು ನಿಂತಿತು. ಒಂದು ಲಕ್ಷ ಉಳಿಯಿತು ಕೂಡ. ಆರು ಕಿಟಕಿಯ ಅಡುಗೆಮನೆಯಲ್ಲಿ ಗಾಳಿಯ ಹಾವಳಿ ಎಷ್ಟೆಂದರೆ, ಅಲ್ಲಿ ಪೇಪರ್ ಓದಲು ಕೂತ ಅರ್ಧಪ್ಪ ಹಾಳೆಗಳ ಹಿಂದೆ ಅಂಗಳದವರೆಗೂ ಓಡಬೇಕಾಗುತ್ತಿತ್ತು. ಬೇರೆ ಕಡೆ ಕೂರಬಾರದೇ ಎಂದು ಮಗಳು ಕೇಳಿದರೆ, ಇಲ್ಲೇ ಸರಿ ಎನ್ನುತ್ತಿದ್ದ. ಹೆಂಡತಿಯ ಮಾತನ್ನು ಎರಡರಿಂದ ಗುಣಿಸುವುದು ಅವನಿಗೆ ಅಷ್ಟರಲ್ಲಿ ಅಭ್ಯಾಸವಾಗಿತ್ತು. ಒಂದು ಸೇರು ಅಂದರೆ ಎರಡು ಸೇರು, ಒಂದು ಪಾತ್ರೆ ಅಂದರೆ ಎರಡು ಪಾತ್ರೆ. ಅವಳು ನಗುತ್ತ ಎತ್ತಿಡುತ್ತಿದ್ದಳು.

ಒಂದು ಬೆಳಿಗ್ಗೆ ಅವಳು ಕಿಟಕಿಯಿಂದಲೇ ಕೂಗಿ ಹೇಳಿದಳು: "ರೀ, ಪೇಟೆ ಕಡೆ ಹೋದ್ರೆ ಆರು ಮಣ್ಣಿನ ಕುಂಡ ತನ್ನಿ. ಕಿಟಕಿಗೊಂದು ಗಿಡ ಇಡೋಣ."

ಅರ್ಧಪ್ಪ ಮಧ್ಯಾಹ್ನ ಬೆವರು ಸುರಿಸುತ್ತ ಗಾಡಿಯಿಂದ ಹನ್ನೆರಡು ಕುಂಡ ಇಳಿಸಿದ.

ಅವಳು ಹೊರಗೆ ಬಂದು ಎಣಿಸಿದಳು. ಸೊಂಟದ ಮೇಲೆ ಕೈಯಿಟ್ಟುಕೊಂಡು, "ಇದೇನ್ರೀ ಇಷ್ಟು? ನಾನು ಆರು ಅಂದ್ರೆ ಆರೇ" ಎಂದಳು.

ಹೆಚ್ಚಾದ ಆರು ಕುಂಡಗಳನ್ನು ಮತ್ತೆ ಗಾಡಿಗೆ ಏರಿಸುವಾಗ ಅರ್ಧಪ್ಪನ ಕಣ್ಣು ತುಂಬಿ ಬಂತು. ಧೂಳು ಬಿತ್ತು ಎಂದು ಗಾಡಿಯವನಿಗೆ ಹೇಳಿ, ವಾಪಸು ಕೊಡಲು ಅಂಗಡಿಗೆ ಹೊರಟ.