ಗುಡ್ಡದ ರೈಲು ಮತ್ತು ಕೀಮ್ಯಾನ್

ಮಲೇಷ್ಯಾದ ಪೆನಾಂಗ್ ಗುಡ್ಡದ ರೈಲಿಗೆ ಇಂಜಿನ್ ಇಲ್ಲ. ಮೇಲಿರುವ ಯಂತ್ರವೊಂದು ಎರಡು ಗಾಡಿಗಳನ್ನು ಉಕ್ಕಿನ ಹಗ್ಗದಿಂದ ಆಡಿಸುತ್ತದೆ. ಒಂದು ಏರುವಾಗ ಇನ್ನೊಂದು ಇಳಿಯುತ್ತದೆ. ಅದನ್ನು ಅಪ್ಪನಿಗೆ ತೋರಿಸಬೇಕೆಂದು, ಮಗಳನ್ನೂ ಕರೆದುಕೊಂಡು, ನಾವಿರುವ ಸುಬಾಂಗ್ ಜಯಾದಿಂದ ನಾಲ್ಕು ತಾಸು ಕಾರು ಓಡಿಸಿಕೊಂಡು ಹೋಗಿದ್ದೆ. ಅಪ್ಪ ಕ್ಯಾಸಲ್‌ರಾಕ್ ಘಟ್ಟದಲ್ಲಿ ಮೂವತ್ತು ವರ್ಷ ಕೀಮ್ಯಾನ್ ಆಗಿದ್ದವರು. ದಿನಾ ಬೆಳಿಗ್ಗೆ ಸುತ್ತಿಗೆ ಹೊತ್ತು ಹಳಿಯುದ್ದಕ್ಕೂ ನಡೆಯುವುದು, ಹಳಿಯನ್ನು ಹಿಡಿದಿಡುವ ಕೀಲಿಗಳು ಸಡಿಲಾಗಿದ್ದರೆ ಬಡಿದು ಬಿಗಿ ಮಾಡುವುದು ಅವರ ಕೆಲಸ.

ಮಗಳಿಗೆ ಮಾತ್ರ ನಾನು ಬೇರೆಯೇ ಹೇಳಿದ್ದೆ. ಅವಳ ಗೆಳತಿಯರ ಅಜ್ಜಂದಿರೆಲ್ಲ ಡಾಕ್ಟರು, ಪ್ರೊಫೆಸರು. ನಿನ್ನ ಅಜ್ಜ ರೈಲ್ವೆ ಆಫೀಸರ್ ಎಂದು ಒಮ್ಮೆ ಬಾಯಿಗೆ ಬಂದದ್ದನ್ನು ಆಮೇಲೆ ಜೋಪಾನವಾಗಿ ಸಾಕಿಕೊಂಡು ಬಂದಿದ್ದೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಅಪ್ಪನಿಗೆ ಇಂಗ್ಲಿಷ್ ಬಾರದು, ಮನೆಯಲ್ಲಿ ತಮ್ಮ ಕೆಲಸದ ಮಾತನ್ನು ತಾವಾಗಿ ಎತ್ತುವವರೂ ಅಲ್ಲ. ಅವರು ಊರಿನಿಂದ ಬಂದು ಮೂರು ವಾರವಾದರೂ ಗುಟ್ಟು ಉಳಿದದ್ದು ಅದರಿಂದಲೇ. ಆದರೂ ಎಲ್ಲಿ ಅವರ ಕಿವಿಗೆ ಬೀಳುತ್ತದೋ ಎಂಬ ಅಂಜಿಕೆ ನನಗಿತ್ತು.

ಕೆಳಗಿನ ನಿಲ್ದಾಣದಲ್ಲಿ ಹಳಿ ತಪಾಸಣೆ ನಡೆದಿದೆ, ಅರ್ಧ ಗಂಟೆ ತಡ ಎಂದರು. ಸಾಲಿನಲ್ಲಿದ್ದವರು ಗೊಣಗಿದರು, ಎಲ್ಲರಿಗಿಂತ ಜೋರಾಗಿ ನಾನು. ಅಪ್ಪ ಕಂಬಿಗೆ ಒರಗಿ ಮೇಲೆ ನೋಡುತ್ತಿದ್ದರು. ಹಳಿಯ ಪಕ್ಕದ ಮೆಟ್ಟಿಲುಗಳಲ್ಲಿ ಒಬ್ಬ ನಡುವಯಸ್ಸಿನ ಕೆಲಸಗಾರ ಬಗ್ಗಿ ಬಗ್ಗಿ ನೋಡುತ್ತ ಇಳಿಯುತ್ತಿದ್ದ. ಒಂದು ಬೋಲ್ಟು ದಾಟಿ ಮುಂದೆ ಹೋದವನು ನಿಂತ, ಮತ್ತೆ ಮೇಲೆ ಹತ್ತಿ ಅದಕ್ಕೆ ಸ್ಪ್ಯಾನರ್ ಹಾಕಿದ.

"ನೋಡ, ತಿರುಗಿ ಬಂದ," ಎಂದರು ಅಪ್ಪ. "ಇಂವಾ ಖರೇ ಕೆಲಸಗಾರ. ಇಷ್ಟು ಮಂದಿ ಕಾಯಾಕತ್ತಾರಂತ ಕಂಪನಿಯವ್ರು ಅವಸರ ಮಾಡ್ಲಿಲ್ಲ ನೋಡು. ದೊಡ್ಡ ಮಾತು ಅದು."

ನನ್ನ ಗೊಣಗಾಟ ಅಲ್ಲಿಗೆ ನಿಂತಿತು.

ಆತ ಕೆಳಗೆ ಬಂದ ಕೂಡಲೇ ಅಪ್ಪ ಹತ್ತಿರ ಹೋಗಿ, ಬರಿಗೈಯಲ್ಲೇ ಸುತ್ತಿಗೆ ಬಡಿದಂತೆ ಮಾಡಿ ತೋರಿಸಿದರು. ಪಾಕ್ಚಿಕ್, ಅಂದರೆ ಈ ಹಿರಿಯರು, ಏನು ಮಾಡುತ್ತಿದ್ದರು ಎಂದು ಆತ ಮಲಯ್‌ನಲ್ಲಿ ಮಗಳನ್ನು ಕೇಳಿದ. ಅವಳು ಶಾಲೆಯಲ್ಲಿ ಕಲಿತ ಮಲಯ್‌ನಲ್ಲೇ ಹೇಳಿದಳು, ನಡುವೆ ಎರಡು ಪದ ಮಾತ್ರ ಇಂಗ್ಲಿಷ್: ರೈಲ್ವೆ ಆಫೀಸರ್. ಅಷ್ಟು ಇಂಗ್ಲಿಷ್ ಅಪ್ಪನಿಗೂ ಬರುತ್ತಿತ್ತು.

"ಆಫೀಸರ್ ಅಲ್ಲವ್ವಾ," ಎಂದರು. "ಕೀಮ್ಯಾನ್. ಇಂವಾ ಮಾಡೋ ಕೆಲಸಾನ ನಾನೂ ಮಾಡ್ತಿದ್ದೆ. ಹಂಗ ಹೇಳು."

ಮಗಳು ನನ್ನ ಮುಖ ನೋಡಿದಳು. ನಾನು ಚಪ್ಪಲಿ ನೋಡಿಕೊಂಡೆ. ಅವಳು ಆತನಿಗೆ ಹಾಗೆಯೇ ಹೇಳಿದಳು. ಕೆಲಸಗಾರ ಕೈಗವಸು ಕಳಚಿ, ಅಪ್ಪನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು, ಆಮೇಲೆ ತನ್ನ ಎದೆಗೆ ಕೈ ಇಟ್ಟುಕೊಂಡ. ಗಾಡಿಯ ಸಿಬ್ಬಂದಿಗೆ ಹೇಳಿ ಎಲ್ಲರಿಗಿಂತ ಮೊದಲು ನಮ್ಮನ್ನು ಹತ್ತಿಸಿದ, ಅಪ್ಪನನ್ನು ಮುಂದಿನ ಗಾಜಿನ ಬಳಿ ನಿಲ್ಲಿಸಿದ. ಅಂಥ ಮರ್ಯಾದೆಯನ್ನು ನಾನು ಅವರಿಗೆ ಒಂದು ದಿನವೂ ಕೊಟ್ಟಿರಲಿಲ್ಲ.

ಗಾಡಿ ಏರತೊಡಗಿತು.

"ಅಪ್ಪಾ, ಅವಳಿಗೆ ಹಾಗೆ ಹೇಳಿದ್ದು ನಾನು," ಎಂದೆ.

"ಗೊತ್ತೈತಿ," ಎಂದರು ಹಳಿಯ ಮೇಲಿನ ಕಣ್ಣು ತೆಗೆಯದೆ. "ನೀ ಸಾಲಿ ಕಲಿಯುವಾಗೂ ಹಂಗ ಹೇಳಿದ್ದಿ. ಮಾಸ್ತರು ಆಗಲೇ ನನಗ ಹೇಳಿದ್ರು."

ಆಮೇಲೆ ಮೊಮ್ಮಗಳನ್ನು ಮುಂದೆ ನಿಲ್ಲಿಸಿಕೊಂಡು, ಆ ಬಿಗಿ ಮಾಡಿದ ಬೋಲ್ಟನ್ನು ಬೆರಳು ಮಾಡಿ ತೋರಿಸಿದರು. ಅರ್ಧ ದಾರಿಯಲ್ಲಿ ಇಳಿಯುವ ಗಾಡಿ ಎದುರಾಗುವವರೆಗೂ ನಾನು ತಲೆ ಎತ್ತಲಿಲ್ಲ.