ಬದುಕಿದ ಹಸುವಿಗೆ ಪರಿಹಾರವಿಲ್ಲ

ಕೇರಿಯವರೆಲ್ಲ ಆಕೆಯನ್ನು ಕರೆಯುವುದೇ ಗಟ್ಟಿಗಿತ್ತಿ ಎಂದು. ಸುಮ್ಮನೆ ಬಂದ ಹೆಸರಲ್ಲ. ಹೊಳೆ ಉಕ್ಕಿ ಕೊಟ್ಟಿಗೆಗೆ ನೀರು ನುಗ್ಗಿದಾಗ ಎದೆಮಟ್ಟದ ನೀರಲ್ಲಿ ನಿಂತು, ಹಗ್ಗ ಕೊಯ್ದು, ತನ್ನ ಹಸುಗಳನ್ನು ಒಂದೂ ಬಿಡದೆ ದಿಬ್ಬ ಹತ್ತಿಸಿದವಳು. ಗೋಡೆಯಾಚೆ ಮನೆಯ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಆ ದಿನ ಗಂಡನ ಜೊತೆ ತವರಿಗೆ ಹೋಗಿದ್ದಳು. ಗಟ್ಟಿಗಿತ್ತಿ ಅತ್ತ ಓಡುವಷ್ಟರಲ್ಲಿ ನೀರು ಆ ಕೊಟ್ಟಿಗೆಯ ಸೂರು ಮುಟ್ಟಿತ್ತು. ಅವಳ ಹಸುಗಳೆಲ್ಲ ಕಟ್ಟಿದಲ್ಲೇ ಸತ್ತವು.

ಆಗ ಇಬ್ಬರೂ ತಬ್ಬಿಕೊಂಡು ಅತ್ತಿದ್ದರು. ಗಟ್ಟಿಗಿತ್ತಿಯ ಅಳು ನಿಜವಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸರ್ಕಾರದ ಪರಿಹಾರ ಬಂತು ನೋಡಿ! ಸತ್ತ ಹಸುವಿಗೆ ಉಂಟು, ಬದುಕಿದ್ದಕ್ಕೆ ಇಲ್ಲ. ಓರಗಿತ್ತಿಯ ಕೊಟ್ಟಿಗೆಗೆ ಕಪ್ಪುಬಿಳಿ ಮಚ್ಚೆಯ ಹೊಸ ಹಸುಗಳು ಬಂದವು, ಕಾಲಡಿಗೆ ರಬ್ಬರ್ ಚಾಪೆ ಬಂತು, ಮೇಲೊಂದು ಫ್ಯಾನೂ ಬಂತು. ಅಬ್ಬಬ್ಬಾ, ಹಸುವಿಗೆ ಫ್ಯಾನು! ಗಟ್ಟಿಗಿತ್ತಿಯ ಹೊಟ್ಟೆಗೆ ಬೆಂಕಿ ಬಿತ್ತು.

"ಪ್ರಾಣ ಒತ್ತೆ ಇಟ್ಟು ಉಳಿಸಿದ್ದೇ ನನ್ನ ತಪ್ಪು! ತೆಪ್ಪಗೆ ಬಿದ್ಕೊಂಡಿದ್ರೆ ಇವತ್ತು ನಮ್ಮನೇಲೂ ಫ್ಯಾನ್ ತಿರುಗ್ತಿತ್ತು," ಎಂದು ಗಂಡನ ಮೇಲೆ ಹರಿಹಾಯ್ದಳು.

"ಬಿಡ್ತು ಅನ್ನೇ. ಪಾಪ, ಅವಳ ಸಂಕಟ ಅವಳಿಗೆ."

"ಪಾಪ ಅಂತೆ ಪಾಪ! ಡೈರೀಲಿ ಅವಳ ಕ್ಯಾನ್ ನೋಡಿದೀರಾ? ಮುಚ್ಚಳ ಕೂರ್ತಿಲ್ಲ!"

ಅಂದಿನಿಂದ ಡೈರಿಯ ಸಾಲಿನಲ್ಲಿ ಓರಗಿತ್ತಿಯ ಮುಖ ನೋಡುವುದನ್ನೇ ಬಿಟ್ಟಳು. ಕಣ್ಣು ಮಾತ್ರ ಕ್ಯಾನಿನ ಮೇಲೆ.

ಒಂದು ಬೆಳಿಗ್ಗೆ ಓರಗಿತ್ತಿಯೇ ಮನೆಗೆ ಬಂದಳು. ಸೀದಾ ಕೊಟ್ಟಿಗೆಗೆ ಹೋಗಿ ಕೆಂಚಿಯ ಮುಂದೆ ನಿಂತಳು. ಕೆಂಚಿ ಅವಳ ಸತ್ತ ಹಸುವಿನ ಮಗಳು. ಕರುವಾಗಿದ್ದಾಗಲೇ ಗಟ್ಟಿಗಿತ್ತಿ ಕೊಂಡು ಸಾಕಿದ್ದಳು.

"ಅಕ್ಕಾ, ಈ ಕೆಂಚೀನ ನಂಗೆ ಕೊಡ್ತೀರಾ? ಬದಲಿಗೆ ನನ್ನ ಹೊಸ ಹಸುಗಳಲ್ಲಿ ನಿಮಗೆ ಬೇಕಾದ ಎರಡು ಹೊಡ್ಕೊಂಡು ಹೋಗಿ."

"ಒಂದಕ್ಕೆ ಎರಡಾ? ತಲೆ ನೆಟ್ಟಗಿದೆಯೇನೇ?"

"ಮುಖ ಥೇಟ್ ಅದರ ಅಮ್ಮಂದೇ ಅಲ್ವಾ ಅಕ್ಕಾ. ಆ ಹೊಸವು ಹಾಲು ಕೊಡ್ತವೆ, ಅಷ್ಟೇ. ಕೊಟ್ಟಿಗೆಗೆ ಹೋಗೋಕೇ ಮನಸಾಗಲ್ಲ ನಂಗೆ."

ರೋಗಿ ಬಯಸಿದ್ದೂ ಹಾಲು, ವೈದ್ಯ ಹೇಳಿದ್ದೂ ಹಾಲು! ಅವಳ ಮನಸ್ಸು ತಿರುಗುವ ಮೊದಲೇ ಗಟ್ಟಿಗಿತ್ತಿ ಕೆಂಚಿಯ ಹಗ್ಗ ಅವಳ ಕೈಗಿಟ್ಟು, ದೊಡ್ಡ ಕೆಚ್ಚಲಿನ ಎರಡನ್ನು ಆರಿಸಿ ಹೊಡೆದುಕೊಂಡು ಬಂದಳು. ದಾರಿಯಲ್ಲಿ ಸಿಕ್ಕವರಿಗೆಲ್ಲ ತೋರಿಸಿದಳು.

ಸಂಜೆ ಕರೆಯಲು ಕೂತರೆ ನೊರೆನೊರೆ ಹಾಲು, ಬಕೆಟ್ಟೇ ಸಾಲದು. ಅಷ್ಟರಲ್ಲಿ ಗೋಡೆಯಾಚೆ ಓರಗಿತ್ತಿಯ ದನಿ ಕೇಳಿತು. ಕೆಂಚಿಯ ಮೈ ತಿಕ್ಕುತ್ತ ಅದರೊಂದಿಗೆ ಊರ ಸುದ್ದಿಯೆಲ್ಲ ಹೇಳುತ್ತಿದ್ದಾಳೆ, ನಡುನಡುವೆ ನಗುತ್ತಿದ್ದಾಳೆ. ನೆರೆ ಬಂದಮೇಲೆ ಆ ಮನೆಯಲ್ಲಿ ನಗು ಕೇಳಿದ್ದು ಇದೇ ಮೊದಲು.

ಗಟ್ಟಿಗಿತ್ತಿಯ ಕೈ ಕೆಚ್ಚಲಲ್ಲೇ ನಿಂತಿತು.

"ಏನ್ರೀ, ಬನ್ನಿ ಇಲ್ಲಿ! ಎರಡು ಹಸು ಕೊಟ್ಟೂ ನಗ್ತಿದಾಳೆ ನೋಡ್ರೀ ಅವಳು. ಮೋಸ ಹೋದ್ವಿ! ಬೆಳಗಾಗ್ಲಿ, ಕೆಂಚೀನ ವಾಪಸ್ ಹೊಡ್ಕೊಂಡು ಬರ್ತೀನಿ."