ಕೂಸು ಎರೆಯುವ ಪ್ರೇಮಲೀಲಾ

ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಹೊಸತು. ದೊಡ್ಡಾಸ್ಪತ್ರೆಯಿಂದ ಬಿ.ಪಿ. ಮಾತ್ರೆ ತರಲೆಂದು ಪುಟ್ಟಲಿಂಗಮ್ಮ ಕುಂಬಾರಕೊಪ್ಪಲಿನಿಂದ ನಡೆದು ಬಂದು, ವಿಜಯನಗರದ ಸ್ಟಾಪಿನಲ್ಲಿ ಹಿನಕಲ್ ಕಡೆಯಿಂದ ಬಂದ ಸಿಟಿ ಬಸ್ಸು ಹತ್ತಿದಳು. ಕಂಡಕ್ಟರು ಆಧಾರ್ ಕಾರ್ಡು ನೋಡಿ ಸೊನ್ನೆ ರೂಪಾಯಿಯ ಟಿಕೆಟ್ಟು ಕೊಟ್ಟ. ಅದನ್ನು ಮಡಿಸಿ ಎಲೆಅಡಿಕೆ ಚೀಲದೊಳಗೆ ಇಟ್ಟುಕೊಂಡು, ಕಂಬಿ ಹಿಡಿದು ನಿಂತಳು. ಮುಂದೆ ಸೀಟು ಖಾಲಿ ಇತ್ತು. ಅದರ ಕಡೆ ನೋಡಲೂ ಇಲ್ಲ. ಕಾಸು ಕೊಟ್ಟವರು ಕೂರುವುದು, ಪುಕ್ಕಟೆ ಬಂದವರು ನಿಲ್ಲುವುದು ಎಂದು ತನಗೆ ತಾನೇ ತೀರ್ಮಾನ ಮಾಡಿಕೊಂಡಿದ್ದಳು. ಯಾರೂ ಹಾಗೆ ಹೇಳಿರಲಿಲ್ಲ.

ಬಸ್ಸು ಬ್ರೇಕು ಹಾಕಿತು. ಪುಟ್ಟಲಿಂಗಮ್ಮ ಕಂಬಿಯ ಸುತ್ತ ಅರ್ಧ ಸುತ್ತು ತಿರುಗಿದಳು. ಅಷ್ಟರಲ್ಲಿ ಪಕ್ಕದ ಸೀಟಿನಿಂದ ಹರಳೆಣ್ಣೆ ವಾಸನೆಯ ಕೈಯೊಂದು ಬಂದು ಅವಳ ಸೆರಗು ಹಿಡಿದು ಜಗ್ಗಿತು.

“ಕೂತ್ಕಳಿ ಅಕ್ಕ. ಯಾರಿಗೆ ಅಂತ ಕಾಯ್ತಾ ಇದ್ದೀರಿ ಸೀಟ್ನ?”

“ನಂದು ಸೊನ್ನೆ ಟಿಕೀಟು ಕಣವ್ವ.”

“ನಂದೂ ಸೊನ್ನೇನೇ. ನಿಮ್ಮ ಮಂಡಿನೂ ಸೇರ್ಸಿ ಲೆಕ್ಕ ಹಾಕೇ ಸರ್ಕಾರ ಕೊಟ್ಟಿರೋದು, ಕೂತ್ಕಳಿ.”

ಹಾಗೆ ಸಿಕ್ಕವಳು ಪ್ರೇಮಲೀಲಾ. ಹಿನಕಲ್ಲಿನವಳು. ಗಂಡ ಮಂಟಯ್ಯನದು ಗಾರೆ ಕೆಲಸ, ಇವಳದು ಕೂಸು ಎರೆಯುವ ಕೆಲಸ. ಬಾಣಂತಿ ಇರುವ ಮನೆಗೆ ಬೆಳಗ್ಗೆ ಹೋಗಿ, ಬಚ್ಚಲಲ್ಲಿ ಕಾಲು ನೀಡಿ ಕೂತು, ಕಣಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಬಿಸಿನೀರು ಹುಯ್ದು, ಸಾಂಬ್ರಾಣಿ ಹೊಗೆ ಹಿಡಿದು, ತೊಟ್ಟಿಲಿಗೆ ಹಾಕಿ ಬರುವುದು. ಅತ್ತೆಯಿಂದ ಕಲಿತದ್ದು. ಮೊದಲೆಲ್ಲ ಕಾಲ್ನಡಿಗೆಗೆ ಎಟುಕುವ ಮನೆಗಳು ಮಾತ್ರ ಅವಳವು. ದೂರದವರು ಕರೆದರೆ, ಕೊಟ್ಟದ್ದೆಲ್ಲ ಬಸ್ಸಿಗೇ ಆಗುತ್ತದೆ ಎಂದು ಒಲ್ಲೆ ಅನ್ನುತ್ತಿದ್ದಳು. ಈಗ ಮೈಸೂರಲ್ಲಿ ಎಲ್ಲಿ ತೊಟ್ಟಿಲು ಕಟ್ಟಿದರೂ ಪ್ರೇಮಲೀಲಾ ಹಾಜರು.

ಕಂಡಕ್ಟರು ಗುರುಕಿರಣನೂ ಹಿನಕಲ್ಲಿನ ಹುಡುಗನೇ. ಒಂದು ದಿನ ಬಾಗಿಲಲ್ಲಿ ನೇತಾಡುತ್ತಿದ್ದ ಗಂಡಸೊಬ್ಬ, ಬಸ್ಸೆಲ್ಲ ಹೆಂಗಸರ ಪಾಲಾಯಿತು ಎಂದು ಗೊಣಗಿದ. ಗುರುಕಿರಣ ಕಿಸಕ್ಕೆಂದ. ಪ್ರೇಮಲೀಲಾ ಅವನ ಕಡೆ ತಿರುಗಿದಳು.

“ನಗಬ್ಯಾಡ ಕಣೋ. ಹುಟ್ದಾಗ ನಿನ್ನ ಮೂಗು ಬಜ್ಜಿ ಇದ್ದಂಗಿತ್ತು. ದಿನಾ ಎಣ್ಣೆ ಹಚ್ಚಿ ಎಳೆದು ನೆಟ್ಟಗೆ ಮಾಡಿದ್ದು ಯಾರು?”

ಬಸ್ಸಿಗೆ ಬಸ್ಸೇ ಅವನ ಮೂಗು ನೋಡಿತು. ಗೊಣಗಿದವನೂ ಬಗ್ಗಿ ನೋಡಿದ. ಗುರುಕಿರಣ ಸೀಟಿ ಊದಿ ಹಿಂದಕ್ಕೆ ಹೋಗಿಬಿಟ್ಟ.

ಪುಟ್ಟಲಿಂಗಮ್ಮನ ಗಂಡ ಹೋದ ಮೇಲೆ ಅವಳಿಗೆ ಬೀದಿಯ ತುದಿಯೇ ಊರಿನ ತುದಿಯಾಗಿತ್ತು. ಈಗ ಮಾತ್ರೆ ಮುಗಿಯದಿದ್ದರೂ ಬಸ್ಸು ಹತ್ತುವಳು. ಬೋರ್ಡು ಓದಲು ಬಾರದು. ಕಂಡಕ್ಟರು ಕೂಗಿದ್ದನ್ನೇ ಸಾಲಾಗಿ ನೆನಪಿಟ್ಟುಕೊಂಡಿದ್ದಳು. ಪ್ರೇಮಲೀಲಾ ಕರೆದರೆ ಅವಳ ಹಿಂದೆ ಅಗ್ರಹಾರದ ವೇದವತಮ್ಮನ ಮನೆಗೂ ಹೋಗಿ, ಬಚ್ಚಲ ಬಾಗಿಲಲ್ಲಿ ಕೂತು, ಎರೆಯುವುದನ್ನು ನೋಡುತ್ತಿದ್ದಳು.

ಅಲ್ಲಿದ್ದದ್ದು ವೇದವತಮ್ಮನ ಮಗಳ ಕೂಸು, ಅಭಿರಾಮ. ಮಹಾ ಹಟಮಾರಿ. ತಾಯಿ ಎರೆದರೂ, ಅಜ್ಜಿ ಎರೆದರೂ ಉಸಿರು ಕಟ್ಟಿ ಅಳುವುದು. ಪ್ರೇಮಲೀಲಾ ಎರೆದರೆ ಮಾತ್ರ ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ಮಲಗಿರುವುದು. ಅವಳು ಹಾಡುತ್ತಿರಲಿಲ್ಲ. ಕಂಡಕ್ಟರ ಹಾಗೆ ಚೊಂಬಿಗೊಂದು ಸ್ಟಾಪು ಕೂಗುತ್ತಿದ್ದಳು. ಕೊನೆಯ ಚೊಂಬಿಗೆ ಸಿಟಿ ಬಸ್ ಸ್ಟ್ಯಾಂಡು, ಎಲ್ಲಾ ಇಳೀರಿ.

ಅಷ್ಟರಲ್ಲಿ ಪ್ರೇಮಲೀಲಾಳ ಮಗಳು ಭಾನುಪ್ರಿಯಾ ನಂಜನಗೂಡಿನಲ್ಲಿ ಹೆತ್ತಳು, ಹೆಣ್ಣುಕೂಸು. ಹಿನಕಲ್ಲಿನ ತವರುಮನೆ ಮಹಡಿ ಮೇಲಿನ ಒಂದೇ ಕೋಣೆ, ಬಾಣಂತಿಗೆ ಮೆಟ್ಟಿಲು ಬೇಡವೆಂದು ಬೀಗರು ತಮ್ಮಲ್ಲೇ ಇಟ್ಟುಕೊಂಡರು. ನಂಜನಗೂಡಿಗೂ ಬಸ್ಸು ಪುಕ್ಕಟೆಯೇ. ಆದರೆ ಎರಡು ಕೂಸನ್ನೂ ಎರೆಯಬೇಕಾದದ್ದು ಬಿಸಿಲೇರುವ ಮುಂಚೆ, ಇರುವವಳು ಒಬ್ಬಳು. ಹಿಡಿದ ಕೂಸನ್ನು ಮೂರು ತಿಂಗಳು ತುಂಬುವ ಮುಂಚೆ ಬಿಡುವ ವಾಡಿಕೆ ಎರೆಯುವವರಲ್ಲಿ ಇಲ್ಲ; ಹಾಗೆ ಬಿಟ್ಟರೆ ಬೇರೆ ಮನೆಯವರು ಕರೆಯರು. ಊರ ಕೂಸುಗಳನ್ನೆಲ್ಲ ಎರೆದವಳಿಗೆ ಸ್ವಂತ ಮೊಮ್ಮಗಳು ಸಿಕ್ಕದ ಹಾಗಾಯಿತು. ಅಂದು ಬಸ್ಸಿನಲ್ಲಿ ಅವಳು ಯಾರನ್ನೂ ಕೆಣಕಲಿಲ್ಲ. ಗುರುಕಿರಣ ತಾನಾಗಿ ಮೂಗು ಮುಟ್ಟಿ ತೋರಿಸಿದರೂ ನಗಲಿಲ್ಲ.

ಪುಟ್ಟಲಿಂಗಮ್ಮ ಅವಳ ಎಣ್ಣೆ ಸೀಸೆಯ ಚೀಲವನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಆಮೇಲೆ, ತಾನೂ ಹೆತ್ತು ಎರೆದವಳೇ, ಅಗ್ರಹಾರದ ಮನೆಯವರು ಒಪ್ಪಿದರೆ ಆ ಕೂಸನ್ನು ತಾನು ನೋಡಿಕೊಳ್ಳುತ್ತೇನೆ ಎಂದಳು.

ಒಪ್ಪುತ್ತಾರೆಂಬ ನಂಬಿಕೆ ಅವಳಿಗೇ ಇರಲಿಲ್ಲ. ಬರಿಹಣೆಯವಳು ಎಳೆಗೂಸನ್ನು ಮುಟ್ಟುವುದೆಂದರೆ ಎಷ್ಟೋ ಮನೆಯಲ್ಲಿ ಮುಖ ಮುರಿಯುತ್ತಾರೆ. ವೇದವತಮ್ಮ ಹೊಸ್ತಿಲಲ್ಲೇ ತಡೆದರು. ಹಣೆ ನೋಡಲಿಲ್ಲ. ಕೈ ಚಾಚಲು ಹೇಳಿ, ಉಗುರು ಒಂದೊಂದಾಗಿ ನೋಡಿ, ಒಳಗೆ ಬಿಟ್ಟರು.

ಪ್ರೇಮಲೀಲಾ ಆ ದಿನ ಬಾಗಿಲಾಚೆಯೇ ಉಳಿದಳು. ತಾನು ಕಂಡರೆ ಕೂಸು ತನಗಾಗಿಯೇ ಹಟ ಹಿಡಿಯುತ್ತದೆ ಅಂದಳು. ಸಬರ್ಬನ್ ಬಸ್ ಸ್ಟ್ಯಾಂಡಿನಲ್ಲಿ ಕಾದಿರುತ್ತೇನೆ, ಸುದ್ದಿ ಕೇಳದೆ ನಂಜನಗೂಡಿನ ಬಸ್ಸು ಹತ್ತುವುದಿಲ್ಲ. ಅತ್ತು ರಂಪ ಮಾಡಿದರೆ ವಾಪಸ್ಸು ಬಂದು ನಾನೇ ಎರೆಯುತ್ತೇನೆ ಎಂದು ಹೊರಟುಹೋದಳು.

ಪುಟ್ಟಲಿಂಗಮ್ಮ ಕಾಲು ನೀಡಿ ಕೂತಳು. ಮೊಣಕೈಯಲ್ಲಿ ನೀರಿನ ಹದ ನೋಡಿದಳು. ಮೊದಲ ಚೊಂಬು ಹುಯ್ಯುತ್ತಾ, “ವಿಜಯನಗರ” ಎಂದಳು. ಕೂಸು ಬಾಯಿ ತೆರೆಯಿತು. “ಪಡುವಾರಳ್ಳಿ” ಎನ್ನುವಷ್ಟರಲ್ಲಿ ಕಿರುಚಿ ಕೆಂಪಾಯಿತು. ಬಾಣಂತಿ ಕೋಣೆಯಿಂದ ಎದ್ದು ಬಂದಳು, ವೇದವತಮ್ಮ ಟವೆಲು ಹಿಡಿದು ಬಗ್ಗಿದರು. ಪುಟ್ಟಲಿಂಗಮ್ಮ ಚೊಂಬು ಕೆಳಗಿಟ್ಟು, ಕೂಸಿನ ಎದೆಯ ಮೇಲೆ ಅಂಗೈ ಇಟ್ಟುಕೊಂಡು ಯೋಚಿಸಿದಳು. ವಿಜಯನಗರದಲ್ಲಿ ಬಸ್ಸು ಹತ್ತುವುದು ತಾನು. ಪ್ರೇಮಲೀಲಾಳ ಬಸ್ಸು ಹೊರಡುವುದು ಅಲ್ಲಿಂದಲ್ಲ.

“ತಪ್ಪಾಯ್ತು ಕಣಪ್ಪ,” ಎಂದು ಮತ್ತೆ ಚೊಂಬು ಎತ್ತಿದಳು. “ಹಿನಕಲ್, ಹಿನಕಲ್, ಹಿನಕಲ್.”

ಕೂಸು ಅಳು ನಿಲ್ಲಿಸಿ ಅವಳ ಬಾಯಿ ನೋಡಿತು. ವಿಜಯನಗರ ಬಂತು. ಪಡುವಾರಳ್ಳಿ ಬಂತು. ಕಲಾಮಂದಿರಕ್ಕೆ ಕಾಲು ಒದೆಯಿತು. ದೊಡ್ಡಾಸ್ಪತ್ರೆಗೆ ಬರುವ ಹೊತ್ತಿಗೆ ಬೊಚ್ಚು ಬಾಯಿ ಅರಳಿತು. ವೇದವತಮ್ಮನೂ ನಗು ತಡೆಯಲಾರದೆ, ಎಲ್ಲಾ ಇಳೀರಿ ಅಂತ ಕೊನೆಗೆ ತಾವೇ ಕೂಗಿ ಟವೆಲು ಹೊದಿಸಿದರು. ಸಾಂಬ್ರಾಣಿ ಹೊಗೆ ಆರುವ ಮುಂಚೆ ಅಭಿರಾಮ ಪುಟ್ಟಲಿಂಗಮ್ಮನ ಸೆರಗಿನ ತುದಿ ಹಿಡಿದುಕೊಂಡೇ ನಿದ್ದೆ ಹೋದ.

ಸೆರಗು ಬಿಡಿಸಿಕೊಂಡು ಅವಳು ಬಸ್ ಸ್ಟ್ಯಾಂಡಿಗೆ ಬಂದಾಗ ಪ್ರೇಮಲೀಲಾ ಎಣ್ಣೆ ಸೀಸೆಯ ಚೀಲ ಅಪ್ಪಿಕೊಂಡು ನಿಂತೇ ಇದ್ದಳು. ನಂಜನಗೂಡಿನ ಬಸ್ಸುಗಳು ಹೋಗಿದ್ದವು, ಇನ್ನೊಂದು ಹೊರಡುವುದರಲ್ಲಿತ್ತು. ಪುಟ್ಟಲಿಂಗಮ್ಮ ಅವಳನ್ನು ಬಾಗಿಲ ಕಡೆ ನೂಕುತ್ತಲೇ ಎಲ್ಲವನ್ನೂ ಹೇಳಿದಳು. ವಿಜಯನಗರದ ಎಡವಟ್ಟು ಕೇಳಿ ಪ್ರೇಮಲೀಲಾ ಮೆಟ್ಟಿಲ ಮೇಲೆಯೇ ನಿಂತು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಒಳಗೆ ಹೋಗಿ ಕಿಟಕಿ ಪಕ್ಕ ಕೂತಳು. ಟಿಕೆಟ್ಟು ಕೈಗೆ ಬಂತು, ಬಸ್ಸು ಅಲುಗಿತು. ಆಗ ಅವಳ ಮುಖ ಯಾಕೋ ಸಣ್ಣಗಾಯಿತು. ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದಳು:

“ಅಲ್ಲಾ ಅಕ್ಕ, ನಾನು ಬರಲಿಲ್ಲ ಅಂತ ಒಂಚೂರಾದ್ರೂ ಬಾಗ್ಲು ಕಡೆ ನೋಡ್ತಾ ಅದು?”